ವಾಂತಿಭೇದಿಯೂ ಬಯಕೆಯೂ

ನಮ್ಮ ಕನ್ನಡದಲ್ಲಿ ವಾಂತಿಗೆ ಎರಡು ಹೆಸರುಗಳುಂಟು. ಕಾಲರಾ ರೋಗವನ್ನು ನಮ್ಮ ಜನ ಅದರ ಎರಡು ಲಕ್ಷಣಗಳಿಂದಲೇ ಗುರುತಿಸಿ ‘ವಾಂತಿಭೇದಿ’ ಎಂದು ಕರೆದರು. ಆ ಹೆಸರೆತ್ತಿದರೆ ಊರಿಗೆ ಊರೇ ನಡುಗುತ್ತಿದ್ದಿತು. ಮಾರಿಯನ್ನು ಪೂಜಿಸಿ, ಎಡೆಯಿಟ್ಟು, ಊರ ಗಡಿಯನ್ನು ದಾಟಿಸಿ ಬರುವವರೆಗೆ ಯಾರಿಗೂ ನೆಮ್ಮದಿಯಿರಲಿಲ್ಲ. ಇನ್ನೊಂದು ಹೆಸರು ಬೇರೆಯ ಜಾತಿಯದು. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಒಂದು ಬೆಳಿಗ್ಗೆ ಕಾಫಿಯ ವಾಸನೆಗೆ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳೆಂದರೆ, ಮನೆಯ ಹಿರಿಯ ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿ ನಗುವರು. ಅದು ‘ಬಯಕೆ’. ಅದನ್ನು ಕೇಳಿ ಬೀಗರ ಮನೆಗೆ ಕಾಗದ ಬರೆಯುವರೇ ಹೊರತು ವೈದ್ಯರನ್ನು ಕರೆಯುವವರಿಲ್ಲ.

ಈ ಎರಡು ವಾಂತಿಗಳೂ ಒಬ್ಬಳೇ ಹೆಣ್ಣಿನಲ್ಲಿ, ಒಂದೇ ವಾರದಲ್ಲಿ ಕೂಡಿ ಬಂದರೆ ಆಗುವುದೇನು? ಸಂತೋಷದ ಹೆಸರು ಭಯದ ಹೆಸರನ್ನು ಮುಚ್ಚಿಬಿಡುತ್ತದೆ. ಚರಿತ್ರೆಯ ಪಾಠ ಹೇಳುವ ನಮಗೆ ವೈದ್ಯಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಈ ಮರೆವೆಗೆ ಒಂದು ಚರಿತ್ರೆಯುಂಟು. ಅದರಲ್ಲಿ ನಮ್ಮ ಬೆಂಗಳೂರಿನ ನೀರಿನ ಕಥೆಯೂ ಸೇರಿದೆ.

ಮೊದಲು ನಮ್ಮ ಮನೆಯ ಸಂಗತಿಯನ್ನೇ ಹೇಳಿಬಿಡುತ್ತೇವೆ. 2024ನೆಯ ಇಸವಿಯ ಬೇಸಗೆಯನ್ನು ಬೆಂಗಳೂರಿನವರು ಬೇಗ ಮರೆಯಲಾರರು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದಿತು. ಕೊಳವೆ ಬಾವಿಗಳು ಸಾವಿರಗಟ್ಟಲೆ ಬತ್ತಿದ್ದುವು. ನಮ್ಮ ಬೀದಿಗೆ ಹಾಲಿನವನಿಗಿಂತ ಮುಂಚೆ ನೀರಿನ ಟ್ಯಾಂಕರು ಬರುತ್ತಿದ್ದಿತು. ಜಯನಗರದ ನಮ್ಮ ಮನೆಯ ಸಂಪಿಗೂ ಅದೇ ಗತಿಯಾಯಿತು. ಆಗ ನಮ್ಮ ತಮ್ಮನ ಹೆಂಡತಿಗೆ ಮೂರನೆಯ ತಿಂಗಳು. ಎರಡನೆಯ ತಿಂಗಳಿನಿಂದಲೇ ವಾಕರಿಕೆಯಿದ್ದುದರಿಂದ, ಒಂದು ದಿನ ವಾಂತಿ ಹತ್ತಾರು ಸಲ ಆದಾಗಲೂ ಯಾರೂ ಬೆದರಲಿಲ್ಲ. “ಬಯಕೆ ಕಣೋ, ನಿನ್ನ ಹೊತ್ತಾಗ ನಿಮ್ಮಮ್ಮ ನಾಲ್ಕು ತಿಂಗಳು ಅನ್ನ ಕಂಡವಳಲ್ಲ” ಎಂದು ನಮ್ಮ ದೊಡ್ಡಮ್ಮ ಹೇಳಿದರು. ರಾತ್ರಿ ಮೈ ಬಿಸಿಯಾಯಿತು, ಭೇದಿಯೂ ಆಯಿತು. ಆ ಹುಡುಗಿ ಸಂಕೋಚದಿಂದ ಅದನ್ನು ಹೇಳಲೇ ಇಲ್ಲ. ಮರುದಿನ ಹತ್ತಿರದ ಚಿಕಿತ್ಸಾಲಯವೊಂದರಲ್ಲಿ ಒಂದು ಬಾಟಲು ಗ್ಲೂಕೋಸ್ ಹಾಕಿ, ಬಸುರಿಯರಿಗೆ ಇದೆಲ್ಲ ಸಹಜವೆಂದು ಸಮಾಧಾನ ಹೇಳಿ ಕಳುಹಿಸಿದರು. ಮೂರನೆಯ ದಿನ ಅವಳಿಗೆ ಎದ್ದು ನಿಲ್ಲಲು ತ್ರಾಣವಿರಲಿಲ್ಲ. ನಾಲಿಗೆ ಮರದ ತೊಗಟೆಯಂತಾಗಿದ್ದಿತು. ಬೇರೊಂದು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯೆ ಎಷ್ಟು ವಾಂತಿಯಾಯಿತೆಂದು ಕೇಳಲಿಲ್ಲ. “ಕೊನೆಯ ಸಲ ಮೂತ್ರವಾದದ್ದು ಯಾವಾಗ?” ಎಂದರು. ಮನೆಯಲ್ಲಿ ಆರು ಮಂದಿಯಿದ್ದೆವು. ಒಬ್ಬರಿಗಾದರೂ ಆ ಪ್ರಶ್ನೆಯನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಗರ್ಭಿಣಿಯ ವಾಂತಿಯನ್ನು ನಮ್ಮ ಪೂರ್ವಿಕರು ಗಮನಿಸಿರಲಿಲ್ಲವೆಂದು ಹೇಳುವಂತಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭ ನಿಂತುದರ ಗುರುತುಗಳನ್ನು ಹೇಳುವಲ್ಲಿ ಬಾಯಲ್ಲಿ ನೀರೂರುವುದು, ಅನ್ನ ಬೇಡವಾಗುವುದು, ವಾಂತಿ, ಹುಳಿಯ ಮೇಲಿನ ಆಸೆ ಇವೆಲ್ಲವೂ ಬಂದಿವೆ. ತಾಯಿಯದೊಂದು, ಶಿಶುವಿನದೊಂದು ಎಂದು ಎರಡು ಹೃದಯಗಳುಳ್ಳವಳು ಗರ್ಭಿಣಿ, ಆದುದರಿಂದ ಅವಳ ಆಸೆಗೆ ‘ದೌಹೃದ’ವೆಂದು ಹೆಸರು, ಅದನ್ನು ಸಲ್ಲಿಸದಿದ್ದರೆ ಶಿಶುವಿಗೆ ಕೇಡು ಎಂಬುದು ಆ ಶಾಸ್ತ್ರಕಾರರ ಮತ. ನಮ್ಮ ಬಯಕೆಯೂಟ, ಸೀಮಂತದ ದಿನದ ಸಿಹಿತಿಂಡಿಗಳು, ಬಸುರಿಗೆ ಮುಚ್ಚಿಟ್ಟು ಕೊಡುವ ಮಾವಿನಕಾಯಿ ಎಲ್ಲದರ ಹಿಂದೆಯೂ ಈ ಭಾವನೆಯಿದೆ. ವಾಂತಿಗೂ ಬಾಯಾರಿಕೆಗೂ ಅರಳಿನ ಗಂಜಿಯನ್ನು ಹೇಳಿದ ವೈದ್ಯರು ದಡ್ಡರಾಗಿರಲಿಲ್ಲ. ಅಕ್ಕಿಯ ಪಿಷ್ಟದೊಡನೆ ಚಿಟಿಕೆ ಉಪ್ಪು ಸೇರಿದರೆ ಕರುಳು ನೀರನ್ನು ಹೀರಿಕೊಳ್ಳುವುದೆಂಬುದನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಕಾಲರಾ ರೋಗಿಗಳಲ್ಲಿ ಪರೀಕ್ಷಿಸಿ ಒಪ್ಪಿದರು. ಆದರೆ ಅದೇ ಮನೆಗಳಲ್ಲಿ, ಭೇದಿಯಾದವರಿಗೆ ನೀರು ಕೊಟ್ಟರೆ ಭೇದಿ ಹೆಚ್ಚುವುದೆಂದು ತಂಬಿಗೆಯನ್ನು ಬಚ್ಚಿಟ್ಟವರೂ ಇದ್ದರು. ನಮ್ಮ ಅಜ್ಜಿಯರನ್ನು ಹೊಗಳುವುದಕ್ಕೆ ಹೊರಟವರು ಈ ತಂಬಿಗೆಯ ಕಥೆಯನ್ನು ಬಿಟ್ಟುಬಿಡುವುದುಂಟು.

ಈ ಎರಡು ವಾಂತಿಗಳ ಗೊಂದಲ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರೆಲ್ಲ ಬಲ್ಲ ಒಂದು ಸಾವಿನಲ್ಲಿ ಅದು ಇಂದಿಗೂ ಬಿಡಿಸಲಾಗದ ಗಂಟಾಗಿ ಉಳಿದಿದೆ. ‘ಜೇನ್ ಏರ್’ ಕಾದಂಬರಿಯನ್ನು ಬರೆದ ಷಾರ್ಲೆಟ್ ಬ್ರಾಂಟಿ 1854ರ ಜೂನಿನಲ್ಲಿ ಮದುವೆಯಾದಳು. 1855ರ ಮಾರ್ಚ್ 31ರಂದು, ಮೂವತ್ತೆಂಟನೆಯ ವಯಸ್ಸಿನಲ್ಲಿ ಸತ್ತಳು. ವೈದ್ಯರು ಬರೆದುಕೊಟ್ಟ ಕಾರಣ ಕ್ಷಯ. ಆದರೆ ಅವಳು ಬಸುರಿಯಾಗಿದ್ದಳೆಂದೂ, ವಾರಗಟ್ಟಲೆ ನಿಲ್ಲದ ವಾಕರಿಕೆ ವಾಂತಿಗಳಿಂದ ಕೃಶಳಾಗಿ ಪ್ರಾಣ ಬಿಟ್ಟಳೆಂದೂ ಹೆಚ್ಚಿನವರು ನಂಬುತ್ತಾರೆ. ಇಲ್ಲಿ ಇನ್ನೊಂದು ಸಂಗತಿಯಿದೆ. ಆ ಮನೆಯ ಮುದಿ ಸೇವಕಿ ಟ್ಯಾಬಿ ಕೆಲವೇ ವಾರಗಳ ಹಿಂದೆ ಕರುಳಿನ ಬೇನೆಯಿಂದ ಸತ್ತಿದ್ದಳು. ಅದೇ ಸೋಂಕು ಷಾರ್ಲೆಟ್ಟಳಿಗೂ ತಗುಲಿದ್ದೀತೆಂದು ಕೆಲವರು ಜೀವನಚರಿತ್ರಕಾರರು ಊಹಿಸಿದ್ದಾರೆ. ಅವರು ವಾಸವಾಗಿದ್ದ ಹಾವರ್ತ್ ಗ್ರಾಮದ ನೀರು ಎಂಥದೆಂಬುದಕ್ಕೆ ಅವಳ ತಂದೆಯೇ ಸಾಕ್ಷಿ. ಪಾದ್ರಿಯಾಗಿದ್ದ ಆತನ ಮನವಿಯ ಫಲವಾಗಿ ಸರಕಾರ ಬೆಂಜಮಿನ್ ಬ್ಯಾಬೇಜ್ ಎಂಬ ಅಧಿಕಾರಿಯನ್ನು ಕಳುಹಿಸಿತು. 1850ರ ಆತನ ವರದಿಯ ಪ್ರಕಾರ ಆ ಊರಿನಲ್ಲಿ ಸಾಯುವವರ ಸರಾಸರಿ ವಯಸ್ಸು 26ಕ್ಕೂ ಕಡಮೆ. ತಿಪ್ಪೆಗುಂಡಿಗಳ ನೀರೂ, ತುಂಬಿ ತುಳುಕುತ್ತಿದ್ದ ಸ್ಮಶಾನದ ಕೊಳೆಯೂ ಜನರು ಕುಡಿಯುವ ನೀರಿಗೆ ಅಪಾಯವಾಗಿದ್ದುವು. ಬಯಕೆಯೋ ಸೋಂಕೋ, ಅಥವಾ ಎರಡೂ ಕೂಡಿಯೋ, ಈಗ ಯಾರೂ ತೀರ್ಮಾನಿಸುವಂತಿಲ್ಲ. ಅವಳ ಹಾಸಿಗೆಯ ಪಕ್ಕದಲ್ಲಿದ್ದವರಿಗೂ ಅದು ತಿಳಿಯಲಿಲ್ಲ.

ಹಾವರ್ತಿನ ಬಾವಿಯನ್ನು ಬಿಟ್ಟು ನಮ್ಮ ಕೆರೆಗಳಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಬೆಂಗಳೂರು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿದ ಊರು. ಊರು ಬೆಳೆದಂತೆ ಊರಿನ ಕೊಚ್ಚೆಯೂ ಆ ಕೆರೆಗಳ ದಾರಿಯನ್ನೇ ಹಿಡಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದ 1896ರಲ್ಲಿ ಕೊಳಾಯಿಯ ನೀರು ಬಂದಿತು. ಅದಕ್ಕೆ ಇಟ್ಟ ಹೆಸರು ಚಾಮರಾಜೇಂದ್ರ ಜಲಕಾರ್ಖಾನೆ. ಎರಡು ವರ್ಷಗಳಲ್ಲೇ, 1898ರಲ್ಲಿ, ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಅಗಲವಾದ ಬೀದಿಗಳ ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೋದರು. ದಕ್ಷಿಣ ಬೆಂಗಳೂರಿನ ಹುಟ್ಟು ಹೀಗೆ ರೋಗಭಯದೊಡನೆ ಹೆಣೆದುಕೊಂಡಿದೆ. ನಮ್ಮ ಬಡಾವಣೆಗಳ ಅಂದಚಂದವನ್ನು ಹೊಗಳುವಾಗ ಇದು ನೆನಪಿಗೆ ಬರುವುದಿಲ್ಲ.

ಮಳೆ ಕಡಮೆಯಾದಾಗ ಹೆಸರಘಟ್ಟ ಸಾಲದಾಯಿತು. 1933ರಲ್ಲಿ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. ಎರಡು ವರ್ಷಗಳ ಮೇಲೆ, 1935ರಲ್ಲಿ, ಕೋಟೆಯ ಸಮೀಪದಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣೀವಿಲಾಸ ಆಸ್ಪತ್ರೆ ತೆರೆಯಿತು. ನಮ್ಮ ಸಂಸ್ಥಾನದ ಹೆಂಗಸರ ಚರಿತ್ರೆಯಲ್ಲಿ ಈ ಎರಡು ಕಟ್ಟಡಗಳನ್ನೂ ಒಟ್ಟಿಗೆ ನೋಡಬೇಕೆಂದು ನಮಗೆ ತೋರುತ್ತದೆ. ಒಂದು ರೋಗವನ್ನು ಮನೆಯ ಕೊಳಾಯಿಯಲ್ಲಿ ತಡೆಯಹೊರಟಿತು. ಇನ್ನೊಂದು, ತಡೆಯಲಾಗದೆ ಬಂದವಳಿಗೆ ಹಾಸಿಗೆ ಹಾಸಿತು. ಹೆರಿಗೆಯೆಂದರೆ ನಡುಮನೆಯ ಪಕ್ಕದ ಕತ್ತಲೆ ಕೋಣೆಯೆಂದು ತಿಳಿದಿದ್ದ ಕಾಲದಲ್ಲಿ, ಬಸುರಿಯನ್ನು ರೋಗಿಯೆಂದು ಕೂಡ ಕಾಣಬಹುದು ಎಂಬ ಎಣಿಕೆಯೇ ದೊಡ್ಡದು.

ಜಯನಗರ ಹುಟ್ಟಿದುದು 1948ರಲ್ಲಿ. ರಾಜಾಜಿಯವರು ಬಂದು ಉದ್ಘಾಟಿಸಿದ ಅಶೋಕಸ್ತಂಭ ಈಗಲೂ ಅಲ್ಲಿದೆ. ಆಮೇಲೆ ಬನಶಂಕರಿ, ಜಯಪ್ರಕಾಶನಗರ, ಬಿ.ಟಿ.ಎಂ. ಬಡಾವಣೆ ಇವು ಹೊಲಗದ್ದೆಗಳನ್ನೂ ಕೆರೆಯಂಗಳಗಳನ್ನೂ ನುಂಗುತ್ತ ಬೆಳೆದುವು. ಬಿ.ಟಿ.ಎಂ. ಎಂಬ ಮೂರಕ್ಷರವನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಿನ ನಟ್ಟನಡುವೆಯೇ ಒಂದು ಕೆರೆಯಿದೆ! 1974ರಲ್ಲಿ ಕಾವೇರಿ ಬಂದಳು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು ನೂರು ಕಿಲೋಮೀಟರು ದೂರದಿಂದ ಅವಳನ್ನು ಎತ್ತರಕ್ಕೆ ಏರಿಸಿ ತರುತ್ತಾರೆ. ಇಷ್ಟು ಕಷ್ಟದಿಂದ ಶುದ್ಧಮಾಡಿ ತಂದ ನೀರು ನೆಲದೊಳಗೆ ಕೊಚ್ಚೆಯ ಕೊಳವೆಯ ಮಗ್ಗುಲಲ್ಲೇ ಹರಿದು ಬರುತ್ತದೆ. ನೀರು ಬಿಡದ ಹೊತ್ತಿನಲ್ಲಿ ಕೊಳವೆ ಬರಿದಾದರೆ, ಬಿರುಕಿನೊಳಗಿಂದ ಹೊರಗಿನ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುವುದು ಅದರ ಸ್ವಭಾವ. ಟ್ಯಾಂಕರಿನ ನೀರಿನ ಹುಟ್ಟನ್ನು ಕೇಳುವವರೇ ಇಲ್ಲ. 2024ರ ಏಪ್ರಿಲಿನಲ್ಲಿ ನಗರದ ವೈದ್ಯಕಾಲೇಜಿನ ವಿದ್ಯಾರ್ಥಿನಿಯರ ವಸತಿಗೃಹದಲ್ಲೇ ಹಲವು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ವೈದ್ಯ ಕಲಿಯುವವರ ಮನೆಯನ್ನೇ ಅದು ಬಿಡದಿರುವಾಗ ನಮ್ಮ ಸಂಪಿನ ಮಾತೇನು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ವಾಂತಿಯಾದವಳನ್ನು ಕೊಲ್ಲುವುದು ಯಾವುದು? ಅನ್ನ ಸೇರದಿರುವುದು ಎಂದು ನಾವು ತಿಳಿಯುತ್ತೇವೆ. ಆದುದರಿಂದಲೇ ‘ಒಂದು ತುತ್ತಾದರೂ ತಿನ್ನು’ ಎಂದು ಪೀಡಿಸುತ್ತೇವೆ. ಕೊಲ್ಲುವುದು ನೀರೂ ಉಪ್ಪೂ ಹೋಗುವುದು. ಇದನ್ನು ಕಾಲರಾ ಯೂರೋಪಿಗೆ ಹಬ್ಬಿದಾಗ ಓಷಾನೆಸಿ ಎಂಬ ಐರಿಷ್ ತರುಣ ಕಂಡುಹಿಡಿದನು. ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಇಳಿದುಹೋಗಿವೆಯೆಂದು ಹೇಳಿದನು. (ಇದೇ ಮಹಾಶಯ ಮುಂದೆ ಹಿಂದೂಸ್ಥಾನಕ್ಕೆ ಬಂದು ತಂತಿ ಟಪಾಲನ್ನು ಸ್ಥಾಪಿಸಿದನು.) ಅದನ್ನು ನಂಬಿ 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟ ಸಾಯುತ್ತಿದ್ದ ಮುದುಕಿಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿದನು. ಗುಳಿಬಿದ್ದ ಕಣ್ಣು ತುಂಬಿತು, ನಾಡಿ ಮರಳಿತು. ಸಮಾಧಾನಗೊಂಡು ವೈದ್ಯ ಹೊರಟುಹೋದನು. ವಾಂತಿಭೇದಿ ಮತ್ತೆ ಮೊದಲಾಗಿ, ಮತ್ತೆ ನೀರು ಕೊಡುವವರಿಲ್ಲದೆ ಕೆಲವು ಗಂಟೆಗಳಲ್ಲಿ ಅವಳು ಸತ್ತಳು. ಒಂದು ಬಾಟಲು ಹಾಕಿ ಮನೆಗೆ ಕಳುಹಿಸುವ ಪದ್ಧತಿ ಹೀಗೆ ಆ ಚಿಕಿತ್ಸೆಯಷ್ಟೇ ಹಳೆಯದು.

ಮುಂದೆ ಈ ವಿದ್ಯೆ ಬೆಳೆದುದು ಬಹುಮಟ್ಟಿಗೆ ಬಂಗಾಳದಲ್ಲಿ. ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಗಾಢವಾದ ಉಪ್ಪುನೀರಿನ ಚಿಕಿತ್ಸೆಯಿಂದ ಕಾಲರಾದ ಸಾವನ್ನು ಅರ್ಧದಷ್ಟಕ್ಕೆ ಇಳಿಸಿದನು. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ನಡುವೆ, ಬೊನಗಾಂವಿನ ಆಸ್ಪತ್ರೆಯಲ್ಲಿ ಸೂಜಿಮದ್ದಿನ ನೀರು ಮುಗಿದುಹೋದಾಗ, ಡಾಕ್ಟರ್ ದಿಲೀಪ್ ಮಹಾಲನಬೀಸರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಬೆರೆಸಿ ಪೀಪಾಯಿಗಳಲ್ಲಿಟ್ಟು ಕುಡಿಸಿದರು. ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದವರು ನೂರಕ್ಕೆ ನಾಲ್ಕಕ್ಕಿಂತ ಕಡಮೆಯಾದರು. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಆ ಪೀಪಾಯಿಯ ಸಂತಾನ. ಅಂಗಡಿಯವನು ಅದರ ಬದಲು ಕೊಡುವ ಸಿಹಿ ಪಾನೀಯಗಳು ಬೇರೆ ವಂಶದವು.

ಬಸುರಿಯ ವಿಷಯದಲ್ಲಿ ಇನ್ನೊಂದು ಕಣ್ಣಿಗೆ ಕಾಣದ ನಷ್ಟವುಂಟು. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಒಂದು ಮಿದುಳಿನ ರೋಗವನ್ನು ವರ್ಣಿಸಿದನು: ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಬುದ್ಧಿ ಮಂಕಾಗುವುದು. ಆತನ ರೋಗಿಗಳಲ್ಲಿ ಒಬ್ಬಳು ಆಮ್ಲ ಕುಡಿದು, ಬಳಿಕ ವಾಂತಿ ನಿಲ್ಲದೆ ನರಳಿದ ಹೊಲಿಗೆಯ ಹೆಂಗಸು. ಕಾರಣವು ಥಯಮಿನ್ ಎಂಬ ಜೀವಸತ್ವದ ಕೊರತೆಯೆಂದು ಅನಂತರ ತಿಳಿಯಿತು. ಅದನ್ನು 1936ರಲ್ಲಿ ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದುದು ನಮ್ಮ ನೆರೆಯ ನೆಲ್ಲೂರಿನಲ್ಲಿ. ವಾರಗಟ್ಟಲೆ ವಾಂತಿಯಾದವಳ ಮೈಯಲ್ಲಿ ಇದರ ಸಂಗ್ರಹ ಬರಿದಾಗಿರುತ್ತದೆ. ಆ ಸ್ಥಿತಿಯಲ್ಲಿ ಬರಿಯ ಗ್ಲೂಕೋಸನ್ನು ನಾಳಕ್ಕೆ ಹರಿಸಿದರೆ ಉಳಿದಿದ್ದ ಅಲ್ಪಸ್ವಲ್ಪವೂ ಖರ್ಚಾಗಿ ಆ ರೋಗವೇ ಎರಗಬಹುದು. ಆದುದರಿಂದ ಮೊದಲು ಥಯಮಿನ್, ಆಮೇಲೆ ಗ್ಲೂಕೋಸ್ ಎಂದು ಬಲ್ಲ ವೈದ್ಯರ ನಿಯಮ. ನಮ್ಮೂರಿನ ಮಾತಿನಲ್ಲಿ ನಾಳಕ್ಕೆ ಏನನ್ನು ಹರಿಸಿದರೂ ‘ಗ್ಲೂಕೋಸ್ ಹಾಕಿಸುವುದು’ ಎಂದೇ ರೂಢಿ. ಬಾಟಲಿನಲ್ಲಿ ಇರುವುದು ಯಾವುದೆಂದು ಕೇಳುವ ರೂಢಿ ಮಾತ್ರ ಇಲ್ಲ.

ಇಷ್ಟಾಗಿಯೂ ಇಂಥ ವಾಂತಿ ಕೆಲವರಿಗೇ ಏಕೆ? ವಾಕರಿಕೆ ಬಸುರಿಯರಲ್ಲಿ ಬಹು ಮಂದಿಗೆ ಬರುತ್ತದೆ. ಮೈಯ ತೂಕವನ್ನೇ ಇಳಿಸುವಂಥ ಉಗ್ರವಾದ ವಾಂತಿ ನೂರರಲ್ಲಿ ಒಬ್ಬಿಬ್ಬರಿಗೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಅನೇಕ ಪಾಶ್ಚಾತ್ಯ ವೈದ್ಯರು ಇದನ್ನು ಮನಸ್ಸಿನ ಆಟವೆಂದು ಹೇಳಿದರು. ಗಂಡನಲ್ಲಿ ಪ್ರೀತಿಯಿಲ್ಲ, ಕೂಸು ಬೇಕಿಲ್ಲ, ಅದಕ್ಕೇ ಕಕ್ಕುತ್ತಾಳೆ ಎಂದರು. ಬಂಧುಗಳನ್ನು ಹತ್ತಿರ ಬಿಡದೆ, ವಾಂತಿಗೆ ಬೋಗುಣಿಯನ್ನೂ ಇಡದೆ ‘ಚಿಕಿತ್ಸೆ’ ಮಾಡಿದವರುಂಟು. ನಮ್ಮ ಅತ್ತೆಯರು ಅಷ್ಟು ದೂರ ಹೋಗಲಿಲ್ಲ. ‘ತವರಿಗೆ ಹೋಗಲು ನೆಪ’ ಎಂದು ಹೇಳಿ ಸುಮ್ಮನಾದರು. ಔಷಧದ ಮಾತು ಬಂದಾಗ ಇನ್ನೊಂದು ಭಯ. ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡನ್ನು ವಾಕರಿಕೆಗೆಂದು ನುಂಗಿದ ತಾಯಂದಿರು ಕೈಕಾಲು ಬೆಳೆಯದ ಸಾವಿರಾರು ಮಕ್ಕಳನ್ನು ಹೆತ್ತರು. 1961ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಹೆದರಿಕೆ ನಿರಪಾಯವಾದ ಮಾತ್ರೆಗಳ ಮೇಲೂ ಬಿದ್ದು, ವೈದ್ಯರು ಬರೆದುಕೊಟ್ಟುದನ್ನು ಗುಟ್ಟಾಗಿ ಬಿಸಾಡುವ ಬಸುರಿಯರು ಇಂದಿಗೂ ಇದ್ದಾರೆ.

ಮನಸ್ಸಿನ ಆಟವೆಂಬ ವಾದಕ್ಕೆ ಉತ್ತರ ಬಂದುದು ತೀರ ಈಚೆಗೆ. ಅಮೆರಿಕದ ಮಾರ್ಲಿನಾ ಫೆಜ಼ೊ ಎಂಬ ವಿಜ್ಞಾನಿ 1999ರಲ್ಲಿ ತಾನೇ ಇಂಥ ವಾಂತಿಯಿಂದ ನರಳಿ ಕೂಸನ್ನು ಕಳೆದುಕೊಂಡವಳು. ಕಾರಣವನ್ನು ಹುಡುಕುತ್ತ ಹೊರಟ ಆಕೆಯೂ ಕೇಂಬ್ರಿಜ್‌ನ ಸಂಶೋಧಕರೂ ಕೂಡಿ 2023ರ ಡಿಸೆಂಬರಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗರ್ಭದ ಕೂಸೂ ಅದರ ಮಾಸೂ ಜಿ.ಡಿ.ಎಫ್. 15 ಎಂಬ ವಸ್ತುವನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆಣಕುತ್ತದೆ. ಮೊದಲಿನಿಂದ ಆ ವಸ್ತು ಮೈಯಲ್ಲಿ ಕಡಮೆಯಿದ್ದವಳಿಗೆ ಬಾಧೆ ಹೆಚ್ಚು. ಥಲಸ್ಸೀಮಿಯ ರೋಗದಿಂದ ಸದಾ ಹೆಚ್ಚಾಗಿಯೇ ಇದ್ದವಳಿಗೆ ವಾಕರಿಕೆ ಬಲು ಅಪರೂಪ. ಶಿಶುವಿನಿಂದ ತಾಯಿಗೆ ಸುದ್ದಿ ಬರುತ್ತದೆ ಎಂದ ಹಳಬರ ‘ಎರಡು ಹೃದಯ’ದ ಮಾತಿಗೂ ಇದಕ್ಕೂ ಸಂಬಂಧ ಕಟ್ಟುವ ಆಸೆ ನಮಗೂ ಆಯಿತು, ಕಟ್ಟುವುದಿಲ್ಲ.

ಬಯಕೆಯ ಕಾರಣ ತಿಳಿದರೂ ಸೋಂಕನ್ನು ಬೇರ್ಪಡಿಸಲು ಲಕ್ಷಣಗಳನ್ನೇ ನೋಡಬೇಕು. ಬಯಕೆ ಸಾಮಾನ್ಯವಾಗಿ ನಾಲ್ಕರಿಂದ ಒಂಬತ್ತನೆಯ ವಾರದೊಳಗೆ ತೊಡಗುತ್ತದೆ. ಜ್ವರ, ಭೇದಿ, ಹೊಟ್ಟೆನೋವು, ಕಾಮಾಲೆ ಇವು ಅದರ ಪರಿವಾರಕ್ಕೆ ಸೇರಿದವಲ್ಲ; ಬಂದರೆ ಬೇರೆ ಏನೋ ಬಂದಿದೆ. ಈ ‘ಬೇರೆ ಏನೋ’ ಎಷ್ಟು ಕ್ರೂರವಾಗಿರಬಹುದೆಂಬುದನ್ನು ದಿಲ್ಲಿ ಕಂಡಿತು. ಯಮುನೆಯ ನೆರೆ ಇಳಿದು ಹರಿವು ಬದಲಾಗಿ, ನಜಫಗಢದ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಸೇರಿದ ಪರಿಣಾಮವಾಗಿ, 1955ರ ಡಿಸೆಂಬರಿನಿಂದ ಎರಡು ತಿಂಗಳೊಳಗೆ 29 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಮಾಲೆಯಾಯಿತು. ಮೊದಲ ಲಕ್ಷಣ ವಾಕರಿಕೆ, ವಾಂತಿ, ಅನ್ನದ್ವೇಷ. ಇತರರು ಬಹುತೇಕ ಚೇತರಿಸಿಕೊಂಡರು. ಬಸುರಿಯರಲ್ಲಿ ಸಾವು ಹೆಚ್ಚಾಯಿತು. ಅದು ಹೆಪಟೈಟಿಸ್ ಇ ಎಂಬ, ನೀರಿನಿಂದ ಹರಡುವ ವೈರಸ್ಸೆಂಬುದು ದಶಕಗಳ ಅನಂತರ ಸ್ಥಿರಪಟ್ಟಿತು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ತಗುಲಿದವರಲ್ಲಿ ಐವರಿಗೊಬ್ಬರಂತೆ ಸಾಯುವುದುಂಟು.

ನಮ್ಮ ಮನೆಯ ಹುಡುಗಿಗೆ ಬಂದುದು ಅಷ್ಟು ಕ್ರೂರವಾದುದಲ್ಲ, ಕರುಳಿನ ಸಾಮಾನ್ಯ ಸೋಂಕು. ಟ್ಯಾಂಕರಿನ ನೀರೋ, ಹೊರಗಿನ ಪಾನಿಪೂರಿಯೋ ಎಂಬುದು ತೀರ್ಮಾನವಾಗಲಿಲ್ಲ. ಅವಳು ಟ್ಯಾಂಕರನ್ನು ದೂರುತ್ತಾಳೆ, ನಮ್ಮ ತಮ್ಮ ಪಾನಿಪೂರಿಯನ್ನು. ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲು ಜೀವಸತ್ವದ ಸೂಜಿ, ಬಳಿಕ ಉಪ್ಪುನೀರು. ಆಮೇಲೆ ಐದು ನಿಮಿಷಕ್ಕೊಂದು ಚಮಚೆಯಂತೆ ಓ.ಆರ್.ಎಸ್. ಮೂರನೆಯ ದಿನ ಮಜ್ಜಿಗೆಯನ್ನ ಕೇಳಿದಳು. ಆ ವರ್ಷದ ಅಕ್ಟೋಬರಿನಲ್ಲಿ ಹೆಣ್ಣುಮಗುವಾಯಿತು.

ಸಂಪನ್ನು ತೊಳೆಸಿ, ಬಿರುಕಿಗೆ ಸಿಮೆಂಟು ಹಾಕಿಸಿದೆವು. ಈಚೆಗೆ ಬನಶಂಕರಿಯಲ್ಲಿರುವ ನಮ್ಮ ನೆಂಟರ ಮಗಳು ಎರಡನೆಯ ತಿಂಗಳೆಂದು ದೂರವಾಣಿಯಲ್ಲಿ ಹೇಳಿದಾಗ ದೊಡ್ಡಮ್ಮ ಸಂತೋಷಪಟ್ಟರು, ನಿಂಬೆಹಣ್ಣಿನ ಉಪ್ಪಿನಕಾಯಿ ಕಳುಹಿಸುವೆನೆಂದರು. ವಾಂತಿ ಹೆಚ್ಚೆಂದು ಆ ಹುಡುಗಿ ಹೇಳಿದೊಡನೆ ಅವರು ಬಯಕೆಯ ಮಾತೆತ್ತಲಿಲ್ಲ. “ಒಂದಕ್ಕೆ ಹೋದದ್ದು ಯಾವಾಗಮ್ಮ?” ಎಂದು ಕೇಳಿದರು.